ವಾಲಗ, ಸೋಬಾನೆ, ಆರ್ಕೆಸ್ಟ್ರಾ: ಮದುವೆ ಮನೆಯಲ್ಲಿ ಯಾವಾಗ ಯಾವುದು?

ಪ್ರಶ್ನೆ: ಮಗಳ ಮದುವೆ ಮೈಸೂರಿನ ಛತ್ರವೊಂದರಲ್ಲಿ. ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ವಾಲಗದವರು 'ಏನೇನು ನುಡಿಸಬೇಕು ಹೇಳಿ' ಎನ್ನುತ್ತಿದ್ದಾರೆ. ಮಗಳಿಗೆ ಸಿನಿಮಾ ಹಾಡು ಬೇಕು. ಬೀಗರ ಕಡೆ ಹಿರಿಯರಿಗೆ ಕೀರ್ತನೆಯೇ ಆಗಬೇಕು. ನಮಗೆ ಸಂಗೀತ ಅಷ್ಟಾಗಿ ತಿಳಿಯದು.

ಎರಡಕ್ಕೂ ಜಾಗ ಇದೆ, ಚಿಂತೆ ಬೇಡ. ಹಾಡಿನ ಪಟ್ಟಿ ಆಮೇಲೆ ಮಾಡಿ. ಮೊದಲು ಪುರೋಹಿತರ ಹತ್ತಿರ ಕೂತು ಯಾವ ಶಾಸ್ತ್ರ ಎಷ್ಟು ಹೊತ್ತಿಗೆ ಅಂತ ಬರೆದುಕೊಳ್ಳಿ. ಅದರ ಒಂದು ಪ್ರತಿಯನ್ನು ವಾಲಗದ ಹಿರಿಯರಿಗೆ ಕೊಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಪೂಜೆ ಶುರುವಾಗುವಾಗ ನಾಟ, ಹಂಸಧ್ವನಿ ರಾಗಗಳು; ಧಾರೆಯ ಹೊತ್ತಿಗೆ ಕಲ್ಯಾಣಿ, ಆನಂದಭೈರವಿ; ಮಂಗಳಕ್ಕೆ ಮಧ್ಯಮಾವತಿ. ಪಳಗಿದ ಮೇಳದವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಮುಖಾರಿ, ಶಿವರಂಜನಿಯಂಥ ಶೋಕದ ಛಾಯೆಯ ರಾಗಗಳನ್ನು ಅವರೇ ಬಿಡುತ್ತಾರೆ.

ಮಗಳ ಸಿನಿಮಾ ಹಾಡುಗಳನ್ನು ಊಟದ ಹೊತ್ತಿಗೆ, ಆರತಕ್ಷತೆಗೆ ಇಟ್ಟುಕೊಳ್ಳಿ. ಹಾಡಿನ ಹೆಸರುಗಳನ್ನು ಒಂದೆರಡು ವಾರ ಮೊದಲೇ ಮೇಳಕ್ಕೆ ಕಳಿಸಿ. ಹೊಸ ಧಾಟಿಯನ್ನು ನಾದಸ್ವರದಲ್ಲಿ ಕೂರಿಸಲು ಅಭ್ಯಾಸ ಬೇಕು. ಇನ್ನೊಂದು ಕೆಲಸ ಇದೆ. ಆ ಹಾಡುಗಳ ಸಾಹಿತ್ಯವನ್ನು ಒಮ್ಮೆ ಪೂರ್ತಿ ಓದಿ. ಧಾಟಿ ಇಂಪಾಗಿರುತ್ತದೆ, ಎರಡನೇ ಚರಣಕ್ಕೆ ಬಂದರೆ ಅಗಲಿಕೆಯ ಗೋಳು! ಸಭೆಯಲ್ಲಿ ಕೂತವರಿಗೆ ಆ ಸಾಲುಗಳು ಬಾಯಿಪಾಠ ಇರುತ್ತವೆ.

ಇಷ್ಟಾದ ಮೇಲೆ ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು, ವಾಲಗ ಯಾವಾಗ ನಿಲ್ಲಬೇಕು ಎಂಬುದನ್ನು. ಕನ್ಯಾದಾನದ ಸಂಕಲ್ಪದಲ್ಲಿ ಪುರೋಹಿತರು ಎರಡೂ ಮನೆಯವರ ಗೋತ್ರ ಹೇಳಿ, ಮುತ್ತಜ್ಜ, ಅಜ್ಜ, ಅಪ್ಪ ಅಂತ ಮೂರು ತಲೆಮಾರಿನ ಹೆಸರು ಹೇಳುತ್ತಾರೆ. ಮುಂದಿನ ಸಾಲಿನ ಅಜ್ಜಿ ತನ್ನ ಮಾವನ ಹೆಸರು ಕೇಳಲು ಕಿವಿಗೊಟ್ಟು ಕೂತಿರುತ್ತಾರೆ. ಆಗ ಡೋಲು ಬಾರಿಸಿದರೆ ಆ ಹೆಸರು ಯಾರಿಗೂ ಕೇಳುವುದಿಲ್ಲ. ಇಂಥ ಜಾಗಗಳನ್ನು ಪಟ್ಟಿಯಲ್ಲಿ ಗುರುತು ಹಾಕಿ, 'ಇಲ್ಲಿ ವಾಲಗ ಬೇಡ' ಎಂದು ಬರೆದುಕೊಡಿ.

ಗಟ್ಟಿಮೇಳ ಇದಕ್ಕೆ ಪೂರಾ ಉಲ್ಟಾ. ಅಂತರಪಟ ಸರಿಸಿ ಜೀರಿಗೆ ಬೆಲ್ಲ ಹಾಕುವಾಗ, ತಾಳಿ ಕಟ್ಟುವಾಗ ನಾದಸ್ವರ, ಡೋಲು, ತಾಳ ಎಲ್ಲವೂ ಒಟ್ಟಿಗೆ ಜೋರಾಗಿ ಏಳಬೇಕು. ಸೀನು, ಅಳು, ಕೆಟ್ಟ ಮಾತು ಯಾವುದೂ ಆ ಗಳಿಗೆಯಲ್ಲಿ ಕಿವಿಗೆ ಬೀಳಬಾರದು ಅಂತ ಹಿರಿಯರು ಮಾಡಿದ ಏರ್ಪಾಡು ಅದು. ಈಗ ಅದಕ್ಕೂ ತೊಡಕು. ಮಂಟಪದ ಸುತ್ತ ಫೋಟೊ, ವಿಡಿಯೊದವರು ಮತ್ತು ಮೊಬೈಲ್ ಹಿಡಿದ ನೆಂಟರು ಗೋಡೆ ಕಟ್ಟಿದಂತೆ ನಿಂತುಬಿಡುತ್ತಾರೆ. ಪುರೋಹಿತರು ಕೈ ಎತ್ತಿದ್ದು ಮೂಲೆಯಲ್ಲಿ ಕೂತ ವಾಲಗದವರಿಗೆ ಕಾಣುವುದಿಲ್ಲ. ತಾಳಿ ಕಟ್ಟಿ ಎರಡು ಗಂಟು ಬಿದ್ದ ಮೇಲೆ ಮೇಳ ಶುರುವಾಗುವುದನ್ನು ಎಷ್ಟೋ ಮದುವೆಗಳಲ್ಲಿ ನೋಡಿದ್ದೇನೆ. ಮನೆಯ ಹುಡುಗನೊಬ್ಬನನ್ನು ಎರಡೂ ಕಡೆ ಕಾಣುವ ಜಾಗದಲ್ಲಿ ನಿಲ್ಲಿಸಿ. ಸನ್ನೆ ದಾಟಿಸುವುದಷ್ಟೇ ಅವನ ಕೆಲಸ, ಅವನ ಕೈಗೆ ಕ್ಯಾಮೆರಾ ಕೊಡಬೇಡಿ.

ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಸ್ಪೀಕರ್, ವಾಲಗ ಎರಡೂ ಬೇಡ. ಸೋಬಾನೆ ಪದ, ಹೆಣ್ಣೊಪ್ಪಿಸುವ ಹಾಡು ಬರುವ ದೊಡ್ಡಮ್ಮನೋ ಸೋದರತ್ತೆಯೋ ನಿಮ್ಮಲ್ಲಿ ಇದ್ದೇ ಇರುತ್ತಾರೆ. ಈಗಲೇ ಫೋನ್ ಮಾಡಿ ಕೇಳಿಕೊಳ್ಳಿ. ಆ ದಿನ ದಿಢೀರ್ ಅಂತ 'ಹಾಡಿ' ಅಂದರೆ ಸಂಕೋಚದಲ್ಲಿ ಎರಡು ಸಾಲಿಗೆ ನಿಲ್ಲಿಸುತ್ತಾರೆ. ಸೊಲ್ಲು ಎತ್ತಿಕೊಳ್ಳಲು ಜೊತೆಗೆ ಇಬ್ಬರು ಇದ್ದರೆ ಧೈರ್ಯ. ಈ ಹಾಡುಗಳು ಮನೆಮನೆಗೂ ಬೇರೆ, ಎಲ್ಲವೂ ಪುಸ್ತಕಕ್ಕೆ ಬಂದಿಲ್ಲ. ಯಾರಾದರೂ ರೆಕಾರ್ಡ್ ಮಾಡಿಕೊಳ್ಳಲಿ.

ವಾಲಗದವರ ಊಟದ ಬಗ್ಗೆಯೂ ಒಂದು ಮಾತು. ನಸುಕಿನಿಂದ ಊದಿದವರನ್ನು ಕೊನೇ ಪಂಕ್ತಿಗೆ ತಳ್ಳಬೇಡಿ. ಬೆಳಗಿನ ತಿಂಡಿ ಸಮಯಕ್ಕೆ ಸಿಗಲಿ, ಕೂರುವ ಜಾಗದಲ್ಲಿ ಕುಡಿಯುವ ನೀರು ಇರಲಿ, ಒಪ್ಪಿದ ದುಡ್ಡನ್ನು ಹೊರಡುವ ಮೊದಲೇ ಎಲೆ ಅಡಿಕೆ ಜೊತೆ ಕೊಟ್ಟುಬಿಡಿ.

ಪ್ರಶ್ನೆ: ನಾವು ಧಾರವಾಡದವರು, ಶಹನಾಯಿ ಬೇಕು. ಹುಡುಗನ ಮನೆ ಮಂಗಳೂರು, ಅವರಿಗೆ ಸ್ಯಾಕ್ಸೋಫೋನ್ ಬೇಕಂತೆ. ಮಂಗಳಕಾರ್ಯಕ್ಕೆ ಸ್ಯಾಕ್ಸೋಫೋನ್ ಸರಿಯೇ?

ಖಂಡಿತ ಸರಿ. ಕರಾವಳಿಯ ಮದುವೆಗಳಲ್ಲಿ ಅದು ಈಗ ಮನೆಯ ವಾದ್ಯ. ಕದ್ರಿ ಗೋಪಾಲನಾಥ್ ಚಿಕ್ಕಂದಿನಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು. ನಾದಸ್ವರದ ಮನೆತನದಿಂದ ಬಂದ ಅವರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 2019ರಲ್ಲಿ ಅವರು ತೀರಿಕೊಂಡರು, ಆದರೆ ಆ ನಾದ ಕರಾವಳಿಯಲ್ಲಿ ನೆಲೆ ನಿಂತಿದೆ. ಶಹನಾಯಿಯ ಕತೆಯೂ ಹಾಗೇ. ಬಾಗಿಲ ಬಳಿ ನುಡಿಸುತ್ತಿದ್ದ ವಾದ್ಯವನ್ನು ಬಿಸ್ಮಿಲ್ಲಾ ಖಾನ್ ಕಛೇರಿಯ ವೇದಿಕೆಗೆ ತಂದರು.

ಎರಡನ್ನೂ ಕರೆಸಿ, ಒಟ್ಟಿಗೆ ಮಾತ್ರ ನುಡಿಸಬೇಡಿ. ಶ್ರುತಿ ಬೇರೆ, ಪದ್ಧತಿ ಬೇರೆ. ತಾಲೀಮು ಇಲ್ಲದೆ ಕೂಡಿಸಿದರೆ ಇಬ್ಬರಿಗೂ ಹಿಂಸೆ. ಬೀಗರನ್ನು ಎದುರುಗೊಳ್ಳುವಾಗ ಶಹನಾಯಿ ಇರಲಿ, ಸಂಜೆ ಆರತಕ್ಷತೆಯಲ್ಲಿ ಸ್ಯಾಕ್ಸೋಫೋನ್ ಆಗಲಿ. ಮುಹೂರ್ತಕ್ಕೆ ಯಾರು ಎನ್ನುವುದನ್ನು ಎರಡೂ ಮನೆಯವರು ಮೊದಲೇ ಕೂತು ತೀರ್ಮಾನಿಸಿ.

ಪ್ರಶ್ನೆ: ಆರತಕ್ಷತೆಗೆ ಆರ್ಕೆಸ್ಟ್ರಾ ಇಟ್ಟರೆ ಯಾರಿಗೂ ಮಾತಾಡಲು ಆಗುವುದಿಲ್ಲ, ಬಿಟ್ಟರೆ ಕಳೆಯೇ ಇರಲ್ಲ. ಎಷ್ಟು ಹೊತ್ತಿನವರೆಗೆ ಹಾಡಿಸಬಹುದು? ಹಾಡು ಹಾಕಲು ಲೈಸೆನ್ಸ್ ಬೇಕಾ?

ತಪ್ಪು ಆರ್ಕೆಸ್ಟ್ರಾದ್ದಲ್ಲ, ಸ್ಪೀಕರ್ ಇಟ್ಟ ಜಾಗದ್ದು. ವೇದಿಕೆ ಪಕ್ಕ ಎರಡು ದೊಡ್ಡ ಬಾಕ್ಸ್ ಇಟ್ಟು, ಕೊನೇ ಸಾಲಿಗೂ ಕೇಳಲಿ ಅಂತ ಪೂರ್ತಿ ತಿರುಗಿಸಿದರೆ ಮುಂದಿನವರ ಕಿವಿ ಹೋಗುತ್ತದೆ. ಹಾಲ್‌ನ ಉದ್ದಕ್ಕೂ ಸಣ್ಣ ಸಣ್ಣ ಸ್ಪೀಕರ್ ಹಂಚಿ, ಎಲ್ಲವನ್ನೂ ಕಡಿಮೆ ದನಿಯಲ್ಲಿ ಇಡಿಸಿ. ಊಟದ ಹಾಲ್‌ಗೆ ಸ್ಪೀಕರ್ ಬೇಡವೇ ಬೇಡ. ಮುಯ್ಯಿ ಕೊಡಲು ಜನ ಸಾಲಿನಲ್ಲಿ ನಿಂತಿರುವಷ್ಟು ಹೊತ್ತು ಕೊಳಲು, ವಯೊಲಿನ್ ಅಥವಾ ಭಾವಗೀತೆ ಸಾಕು. ಕುಣಿತದ ಹಾಡುಗಳು ಸಾಲು ಕರಗಿದ ಮೇಲೆ ಬರಲಿ. ಹುಡುಗರು ಕಾಯುತ್ತಾರೆ, ವಯಸ್ಸಾದವರು ಅಷ್ಟರಲ್ಲಿ ಊಟಕ್ಕೆ ಎದ್ದಿರುತ್ತಾರೆ.

ಶಬ್ದಮಾಲಿನ್ಯ ನಿಯಮ 2000ರ ಪ್ರಕಾರ ಧ್ವನಿವರ್ಧಕ ಬಳಸಲು ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಮೈಕ್ ಹಾಕುವಂತಿಲ್ಲ. ಅಕ್ಕಪಕ್ಕ ಮನೆಗಳಿದ್ದರೆ ಒಂಬತ್ತೂವರೆಗೇ ಕೊನೇ ಹಾಡು ಹೇಳಿಬಿಡಿ. ಲೈಸೆನ್ಸ್ ವಿಷಯಕ್ಕೆ ಬಂದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಮದುವೆ ಮೆರವಣಿಗೆಗೂ ಮದುವೆಗೆ ಸಂಬಂಧಿಸಿದ ಸಮಾರಂಭಗಳಿಗೂ ವಿನಾಯಿತಿ ಕೊಟ್ಟಿದೆ. ಕೇಂದ್ರ ಸರ್ಕಾರ 2023ರಲ್ಲಿ ಇದನ್ನೇ ಮತ್ತೆ ಸಾರಿತು. ಆದರೂ ಈ ವಿನಾಯಿತಿ ಎಲ್ಲಿಯವರೆಗೆ ಎಂಬ ತಕರಾರು ಕೋರ್ಟುಗಳವರೆಗೂ ಹೋಗಿದೆ. ಹಾಗಾಗಿ ಹಾಲ್ ಬುಕ್ ಮಾಡುವಾಗಲೇ ಅಂಥ ಶುಲ್ಕ ಕೇಳುತ್ತಾರಾ ಎಂದು ವಿಚಾರಿಸಿಕೊಳ್ಳಿ. ಮದುವೆ ವಿಡಿಯೊಗೆ ಹಾಡು ಸೇರಿಸಿ ಯೂಟ್ಯೂಬ್‌ಗೆ ಹಾಕುವುದು ಬೇರೆಯೇ ಸಂಗತಿ, ಅಲ್ಲಿ ಈ ವಿನಾಯಿತಿ ನಂಬಿಕೊಳ್ಳಬೇಡಿ.

ಪ್ರಶ್ನೆ: ಅಮೆರಿಕದಲ್ಲಿ ತಮ್ಮನ ಮದುವೆ. ನಮ್ಮೂರಿನ ಹತ್ತಿರ ನಾದಸ್ವರದವರು ಇಲ್ಲ. ಮೊಬೈಲ್‌ನಲ್ಲೇ ಹಾಕಿದರೆ ಆಗುತ್ತಾ?

ಆಗುತ್ತೆ. ನಾದಸ್ವರದ ಧ್ವನಿಮುದ್ರಣಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಹಾಲ್‌ನ ಇಂಟರ್‌ನೆಟ್ ನಂಬಬೇಡಿ. ಗಟ್ಟಿಮೇಳ ಬೇರೆ ಫೈಲಾಗಿರಲಿ. ಅದರ ಮೊದಲ ಸೆಕೆಂಡಿನಿಂದಲೇ ಡೋಲು ಜೋರಾಗಿ ಏಳಬೇಕು, ಶುರುವಿನಲ್ಲಿ ಆಲಾಪ ಇದ್ದರೆ ಕತ್ತರಿಸಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ತಾಳಿ ಕಟ್ಟುವಾಗ ಯಾರದೋ ಕರೆ ಸ್ಪೀಕರ್‌ನಲ್ಲಿ ರಿಂಗಾಗುತ್ತದೆ. ಫೋನ್ ಹಿಡಿಯುವವರಿಗೆ ಶಾಸ್ತ್ರಗಳ ಕ್ರಮ ಗೊತ್ತಿರಬೇಕು. ಡಿಜೆಗೆ ವಹಿಸಿದರೆ ಪಕ್ಕದಲ್ಲಿ ನಿಮ್ಮವರೊಬ್ಬರು ಕೂರಲಿ. ಬಳಗದಲ್ಲಿ ಮೃದಂಗ, ವಯೊಲಿನ್ ಕಲಿಯುತ್ತಿರುವ ಮಕ್ಕಳಿದ್ದರೆ ಆರತಕ್ಷತೆಯಲ್ಲಿ ಅವರಿಗೆ ಅರ್ಧ ಗಂಟೆ ಕೊಡಿ. ಯಾವ ಹಾಡು ಎಂದು ಈಗಲೇ ತಿಳಿಸಿದರೆ ಚೆನ್ನಾಗಿ ತಯಾರಾಗಿ ಬರುತ್ತಾರೆ.