ಅಪೇಕ್ಷ ಎಂದರೆ ಅರ್ಜಿ

‘ಕೇರಳದಲ್ಲಿದ್ದೀರಿ, ಹಾಸಿಗೆ ಹಿಡಿದರೆ ಸರ್ಕಾರವೇ ನೋಡಿಕೊಳ್ಳುತ್ತದಲ್ಲ’ ಎಂದಿರಿ. ಅರ್ಧ ನಿಜ. ಕಾಸರಗೋಡಿನಲ್ಲಿ ಉಳಿದರ್ಧವನ್ನು ಕಾಗದ ಹಿಡಿದುಕೊಂಡು ಓಡಾಡಿಯೇ ಗಳಿಸಬೇಕು, ಅದೂ ಮಲಯಾಳದಲ್ಲಿ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ‘ಪಾಲಿಯೇಟಿವ್‌ನವರು’, ಅಂದರೆ ವಾಸಿಯಾಗದ ರೋಗಿಗಳ ನೋವು ಕಡಿಮೆ ಮಾಡಿ ಆರೈಕೆ ಮಾಡುವವರು, ಎಂದರೆ ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಸಣ್ಣದಾಗಿ ಶುರುವಾದ ಕೆಲಸ, 2008ರಲ್ಲಿ ರಾಜ್ಯದ ನೀತಿಯೇ ಆಯಿತು. ಈಗ ಪಂಚಾಯತಿನ ನರ್ಸ್ ಜೀಪಿನಲ್ಲಿ ಮನೆಗೇ ಬಂದು ಗಾಯ ತೊಳೆದು, ಮೂತ್ರದ ಟ್ಯೂಬ್ ಬದಲಿಸಿ ಹೋಗುತ್ತಾರೆ. ಶುಲ್ಕ ಇಲ್ಲ. ಆದರೆ ಆ ಹಂತಕ್ಕೆ ಬರುವಷ್ಟರಲ್ಲಿ ಹೆಚ್ಚಿನವರ ಹಣ ಮಂಗಳೂರಿನ ಆಸ್ಪತ್ರೆಗಳಿಗೂ ಅಲ್ಲಿಗೆ ಹೋಗಿಬರುವ ಕಾರಿನ ಬಾಡಿಗೆಗೂ ಮುಗಿದಿರುತ್ತದೆ. ಅಡಿಕೆ ತೋಟದ ಮೇಲೆ ಸಾಲ, ಬಳೆ ಬ್ಯಾಂಕಿನಲ್ಲಿ.

ನಾನು ವಾರಕ್ಕೊಮ್ಮೆ ಆ ಜೀಪಿನಲ್ಲಿ ಹೋಗುತ್ತೇನೆ. ಗಾಯ ನೋಡುವ ಧೈರ್ಯ ನನಗಿಲ್ಲ. ನನ್ನದು ಕಾಗದದ ಕೆಲಸ.

ಒಮ್ಮೆ ಬೀಡಿ ಕಟ್ಟಿಯೇ ಮಕ್ಕಳನ್ನು ಸಾಕಿದ ಅಜ್ಜಿಯೊಬ್ಬರ ಮನೆಗೆ ಹೋಗಿದ್ದೆವು. ಕರುಳಿನ ಕ್ಯಾನ್ಸರ್. ಕಣ್ಣೂರಿನ ಕಡೆಯಿಂದ ಹೊಸದಾಗಿ ಬಂದಿದ್ದ ನರ್ಸ್ ಕೇಳಿದರು, ‘ಅಮ್ಮೇ, ಅಪೇಕ್ಷ ಉಂಡೋ?’ ಮಲಯಾಳದಲ್ಲಿ ಅಪೇಕ್ಷ ಎಂದರೆ ಅರ್ಜಿ. ಅಜ್ಜಿ ಮನೆಯ ಮಾಡಿನತ್ತ ನೋಡುತ್ತ ಹೇಳಿದರು, ‘ಇನ್ನೇನು ಅಪೇಕ್ಷೆ ಮಗಳೇ, ಸಾಲ ಇವಳ ತಲೆಗೆ ಬೀಳದಿದ್ದರೆ ಸಾಕು.’ ನರ್ಸ್‌ಗೆ ನಾನು ಎರಡು ಅರ್ಥವನ್ನೂ ಬಿಡಿಸಿ ಹೇಳಬೇಕಾಯಿತು. ಅವರು ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ.

‘ಇವಳು’ ಎಂದರೆ ಮಗಳು, ಅಂಗಡಿಯ ಕೆಲಸ ಬಿಟ್ಟು ತಾಯಿಯ ಹತ್ತಿರವೇ ಇದ್ದವಳು. ಅಂಥವರಿಗೆಂದೇ ಆಶ್ವಾಸಕಿರಣಂ ಎಂಬ ಯೋಜನೆಯಿದೆ, ತಿಂಗಳಿಗೆ 600 ರೂಪಾಯಿ. ರೋಗಿಗಲ್ಲ, ನೋಡಿಕೊಳ್ಳುವವರಿಗೆ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ವೈದ್ಯರ ಸರ್ಟಿಫಿಕೇಟು, ರೇಷನ್ ಕಾರ್ಡು, ವಿಲೇಜ್ ಆಫೀಸಿನ ವರಮಾನದ ಕಾಗದ, ಎಲ್ಲ ಒಟ್ಟು ಮಾಡಬೇಕು. ಹಣ ತಿಂಗಳು ತಪ್ಪದೆ ಬರುತ್ತದೆಂದು ನಂಬಿ ಅಂಗಡಿಯಲ್ಲಿ ಲೆಕ್ಕ ಬರೆಸಬೇಡಿ ಎಂದೂ ಹೇಳಿಬಿಡುತ್ತೇನೆ.

ಅಜ್ಜಿಯ ಪಿಂಚಣಿಯದು ಬೇರೆ ಕಥೆ. ವರ್ಷಕ್ಕೊಮ್ಮೆ ‘ಮಸ್ಟರಿಂಗ್’ ಇರುತ್ತದೆ: ಬದುಕಿದ್ದೇನೆ ಎಂದು ಬೆರಳೊತ್ತಿ ತೋರಿಸಬೇಕು. ಏಳಲಾರದವರ ಮನೆಗೆ ಸರ್ಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದವರೇ ಯಂತ್ರ ತರುತ್ತಾರೆ. ಐವತ್ತು ವರ್ಷ ಬೀಡಿ ಸುತ್ತಿ ನುಣ್ಣಗಾದ ಬೆರಳು. ಹತ್ತೂ ಒತ್ತಿಸಿದರೂ ಯಂತ್ರ ಒಪ್ಪಲಿಲ್ಲ. ಕೊನೆಗೆ ಜೀವಂತವಿರುವ ಪ್ರಮಾಣಪತ್ರವನ್ನು ಪಂಚಾಯತಿಗೆ ಕೊಟ್ಟೆವು.

ಕನ್ನಡದಲ್ಲಿ ಅರ್ಜಿ ಕೊಡಬಹುದೇ ಎಂದು ಕೇಳುತ್ತೀರಿ. 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕೊಡಬಹುದು, ಉತ್ತರವನ್ನೂ ಕನ್ನಡದಲ್ಲೇ ಕೇಳಬಹುದು. ಹಕ್ಕಿಗಾಗಿ ಜಗಳವಾಡಬೇಕಾದಲ್ಲಿ ನಾನೂ ಆಡುತ್ತೇನೆ. ಆದರೆ ದಿನ ಎಣಿಸುತ್ತಿರುವ ರೋಗಿಯ ಅರ್ಜಿಯನ್ನು, ಬೇಗ ಮುಂದೆ ಹೋಗಲಿ ಎಂದು, ಮಲಯಾಳದಲ್ಲೇ ತುಂಬಿಸುತ್ತೇನೆ. ಇದಕ್ಕೆ ನಮ್ಮವರಲ್ಲೇ ಕೆಲವರಿಗೆ ನನ್ನ ಮೇಲೆ ಸಿಟ್ಟಿದೆ.

ಬ್ಯಾಂಕ್ ಖಾತೆಗೆ ನಾಮಿನಿ ಹಾಕಿಸಿದ್ದೀರಾ ಎಂದು ಮಾತ್ರ ರೋಗಿಯೆದುರು ಕೇಳಲು ಇನ್ನೂ ಬಾಯಿ ಬರುವುದಿಲ್ಲ. ಸಹಿ ಮಾಡುವ ಶಕ್ತಿ ಇರುವಾಗಲೇ ಅದು ಆಗಬೇಕು. ಆಮೇಲೆ ಸಣ್ಣ ಮೊತ್ತಕ್ಕೂ ಮಕ್ಕಳು ಕಾಗದಪತ್ರಗಳಿಗಾಗಿ ಅಲೆಯಬೇಕಾಗಬಹುದು. ಪಿಂಚಣಿ ಬಂದಿದೆಯೇ ನೋಡೋಣ ಎಂದು ಪಾಸ್‌ಬುಕ್ ತರಿಸಿ, ಪುಟ ತಿರುವುತ್ತ, ತಲೆಯೆತ್ತದೆ ಕೇಳುತ್ತೇನೆ.