ಸ್ಟೆಪ್ನಿ ಇರಲಿ, ಹಾಕುವವರು ಯಾರಾದರೂ ಆಗಲಿ

ನಿಮ್ಮ ಪ್ರಶ್ನೆ ಓದಿದೆ. ನಿಮ್ಮದು ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ತಿರುಗುವ ಗಾಡಿ. ಏಳು ಮೀಟರ್ ಉದ್ದ, 16 ಇಂಚಿನ ಚಕ್ರ, ಹಿಂದೆ ಪ್ರತಿ ಪಕ್ಕಕ್ಕೂ ಜೋಡಿ ಟೈರ್. ಕಂಪನಿಯವರು ಸ್ಟೆಪ್ನಿ ಕೊಟ್ಟಿಲ್ಲ, ಪಂಕ್ಚರ್ ತೂತು ಮುಚ್ಚುವ ಒಂದು ಬಾಟಲಿ ಸೀಲೆಂಟ್ ಮತ್ತು ಗಾಳಿ ತುಂಬುವ ಚಿಕ್ಕ ಕಂಪ್ರೆಸರ್ ಮಾತ್ರ ಇದೆ. ಮೂವತ್ತು ನಲವತ್ತು ಕೆಜಿ ಸುಮ್ನೆ ಹೊತ್ತುಕೊಂಡು ತಿರುಗಬೇಕಾ ಅಂತ ಕೇಳಿದ್ದೀರಿ. ಮೇಲೆ ಒಬ್ಬರು "ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಲ್ಲ, ಸಾಕು" ಅಂದಿದ್ದಾರೆ. ಇನ್ನೊಬ್ಬರು "ಅಷ್ಟು ಭಾರದ ಚಕ್ರವನ್ನು ರಸ್ತೆ ಬದಿಯಲ್ಲಿ ಯಾರು ಬಿಚ್ಚುತ್ತಾರೆ" ಅಂದಿದ್ದಾರೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಗಾಡಿಗೆ ಸ್ಟೆಪ್ನಿ ಬೇಕು. ರಿಮ್ ಸಮೇತ, ಪೂರ್ತಿ ಅಳತೆಯದ್ದೇ ಬೇಕು.

ಇಲ್ಲಿ ಎಲ್ಲರೂ ಸ್ಟೆಪ್ನಿ ಅಂದರೆ ನಾವೇ ಜಾಕ್ ಹಾಕಿ ನಾವೇ ಬದಲಾಯಿಸುವುದು ಅಂತ ಅಂದುಕೊಂಡು ಮಾತಾಡುತ್ತಿದ್ದಾರೆ. ಕಾರಿನಲ್ಲಿ ಹಾಗೆ, ಸರಿ. ಮೋಟರ್‌ಹೋಮ್‌ನಲ್ಲಿ ಅದರ ಉಪಯೋಗ ಬೇರೆ. ಸರಿಯಾದ ಅಳತೆಯ, ಸರಿಯಾದ ಭಾರ ಹೊರುವ ಟೈರ್ ಗಾಡಿಯ ಜೊತೆಯಲ್ಲೇ ಇರುತ್ತದೆ, ಅದೇ ದೊಡ್ಡ ಲಾಭ. ಅದನ್ನು ಹಾಕುವವರು ನೀವೇ ಆಗಬೇಕಿಲ್ಲ. ಅಸಿಸ್ಟೆನ್ಸ್‌ನವರು ಹಾಕಬಹುದು, ದಾರಿಯಲ್ಲಿ ಸಿಕ್ಕ ಲಾರಿ ಮೆಕ್ಯಾನಿಕ್ ಹಾಕಬಹುದು. ಆದರೆ ಹಾಕೋಕೆ ಟೈರ್ ಇರಬೇಕಲ್ವಾ?

ಅಸಿಸ್ಟೆನ್ಸ್ ಇದೆ ಅನ್ನುವವರು ತಮ್ಮ ಕರಾರು ಒಂದು ಸಲ ತೆಗೆದು ಓದಿ. ಸಾಮಾನ್ಯವಾಗಿ ಅದರಲ್ಲಿ ಇರುವುದು "ನಿಮ್ಮ ಸ್ಟೆಪ್ನಿ ಹಾಕಿಕೊಡುತ್ತೇವೆ" ಅಂತ. ಸ್ಟೆಪ್ನಿ ಇಲ್ಲದಿದ್ದರೆ ಎಳೆದುಕೊಂಡು ಹೋಗುತ್ತಾರೆ, ಇಲ್ಲವೇ ಟೈರ್ ಹುಡುಕಿ ತರುತ್ತಾರೆ, ಅದರ ಖರ್ಚು ನಿಮ್ಮದು. ನಾಲ್ಕು ಟನ್ ಮೇಲಿನ, ಎತ್ತರದ ಗಾಡಿ ಎಳೆಯುವ ಟ್ರಕ್ ಎಲ್ಲಾ ಕಡೆ ಇರುವುದಿಲ್ಲ. ಇನ್ನು ಟೈರ್ ವಿಷಯಕ್ಕೆ ಬಂದರೆ 225/75 ಆರ್ 16 ಅಂತ ಅಳತೆ ಒಂದೇ ಇದ್ದ ಮಾತ್ರಕ್ಕೆ ಆಗಲಿಲ್ಲ. ಅದೇ ಅಳತೆಯಲ್ಲಿ ಹಗುರ ಗಾಡಿಯ ಟೈರ್ ಇದೆ, ವ್ಯಾನಿನದ್ದಿದೆ, ಕ್ಯಾಂಪಿಂಗ್ ಗಾಡಿಗೆ ಅಂತಲೇ ಮಾಡಿದ 'ಸಿಪಿ' ಗುರುತಿನದ್ದೂ ಇದೆ. ಭಾರದ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರುತ್ತದೆ ಅಂತ ತೋರಿಸುವ ಅಂಕಿ) ಕಡಿಮೆ ಇರುವುದನ್ನು ಹಾಕಿಸಿಕೊಂಡು ಹೊರಟರೆ ಇನ್ನೊಂದು ಟೈರ್ ಒಡೆಯುವ ದಾರಿ ಮಾಡಿಕೊಂಡ ಹಾಗೆ. ಭಾನುವಾರ ಸಂಜೆ, ಗೊತ್ತಿಲ್ಲದ ಊರಿನಲ್ಲಿ ಸರಿಯಾದದ್ದೇ ಸಿಗುತ್ತದೆ ಅಂತ ನಂಬಿಕೊಂಡು ಹೊರಡಬೇಡಿ.

ಸೀಲೆಂಟ್ ಬಾಟಲಿ ಬಗ್ಗೆ. ಅದು ಕೆಟ್ಟದ್ದಲ್ಲ, ಇಟ್ಟುಕೊಳ್ಳಿ. ಆದರೆ ಮೊಳೆ ಚುಚ್ಚಿದ ನಾಲ್ಕಾರು ಮಿಲಿಮೀಟರ್ ತೂತಿಗೆ, ಅದೂ ನೆಲಕ್ಕೆ ತಾಗುವ ಭಾಗದಲ್ಲಿ ಆದರೆ ಮಾತ್ರ ಅದು ಕೆಲಸ ಮಾಡುತ್ತದೆ. ಟೈರಿನ ಪಕ್ಕದ ಗೋಡೆ ಹರಿದರೆ ಆಗಲ್ಲ, ಒಡೆದು ಚಿಂದಿಯಾದರೆ ಆಗಲ್ಲ. ಮೋಟರ್‌ಹೋಮ್‌ನಲ್ಲಿ ದಾರಿಯಲ್ಲಿ ನಿಲ್ಲಿಸುವ ತೊಂದರೆ ಬಹಳ ಸಲ ಈ ಎರಡನೇ ಥರದ್ದೇ. ಬಾಟಲಿಯ ಮೇಲೆ ಕೊನೆಯ ದಿನಾಂಕ ಇರುತ್ತದೆ, ಅದನ್ನೂ ನೋಡಿ. ಜೊತೆಗೆ ಕೊಡುವ ಚಿಕ್ಕ ಕಂಪ್ರೆಸರ್ ಇಂಥ ಟೈರಿಗೆ ಬೇಕಾದ ಗಾಳಿಯ ಒತ್ತಡ, ಅಂದರೆ 80 ಪಿಎಸ್‌ಐವರೆಗೆ ತುಂಬುತ್ತದಾ ಅಂತ ಮನೆಯಲ್ಲೇ ಒಂದು ಟೈರಿಗೆ ಹಾಕಿ ನೋಡಿ. ಕೆಲವು 50 ದಾಟುವಾಗಲೇ ಏದುಸಿರು ಬಿಡುತ್ತವೆ, ಕೈ ಇಟ್ಟರೆ ಸುಡುತ್ತದೆ.

ಈಗ ತೂಕ. ಇದು ನಿಜವಾದ ಪ್ರಶ್ನೆ, ಹಗುರವಾಗಿ ತೆಗೆದುಕೊಳ್ಳಬೇಡಿ. 16 ಇಂಚಿನ ಸ್ಟೀಲ್ ರಿಮ್ ಮತ್ತು ವ್ಯಾನ್ ಟೈರ್ ಸೇರಿ ಸುಮಾರು 30 ಕೆಜಿ. ಹಿಡಿದಿಡುವ ಬ್ರಾಕೆಟ್ ಸೇರಿದರೆ 40 ಅಂತ ಇಟ್ಟುಕೊಳ್ಳಿ. ಎಷ್ಟು ತೂಕ ಅನ್ನುವುದಕ್ಕಿಂತ ಎಲ್ಲಿ ತೂಗುತ್ತದೆ ಅನ್ನುವುದು ಮುಖ್ಯ. ಗಾಡಿಯ ಹಿಂದಿನ ಗೋಡೆಗೆ ನೇತು ಹಾಕುತ್ತೀರಿ ಅಂದುಕೊಳ್ಳೋಣ. ಮುಂದಿನ ಮತ್ತು ಹಿಂದಿನ ಆಕ್ಸಲ್ (ಎರಡು ಬದಿಯ ಚಕ್ರ ಹೊರುವ ಅಚ್ಚು) ನಡುವೆ 4 ಮೀಟರ್, ಹಿಂದಿನ ಆಕ್ಸಲ್‌ನಿಂದ ಸ್ಟೆಪ್ನಿಗೆ 2 ಮೀಟರ್. ಆಗ 40 ಕೆಜಿ ಸ್ಟೆಪ್ನಿ ಹಿಂದಿನ ಆಕ್ಸಲ್ ಮೇಲೆ 60 ಕೆಜಿ ಆಗಿ ಕೂರುತ್ತದೆ, ಮುಂದಿನ ಆಕ್ಸಲ್‌ನಿಂದ 20 ಕೆಜಿ ಎತ್ತಿಬಿಡುತ್ತದೆ. ಏತದ ಹಾಗೆ, ಬಾಲಕ್ಕೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ. ಹಿಂದೆ ಸೈಕಲ್ ಸ್ಟ್ಯಾಂಡ್, ತುಂಬಿದ ನೀರಿನ ಟ್ಯಾಂಕ್, ದೊಡ್ಡ ಡಿಕ್ಕಿ ಮೊದಲೇ ಇದ್ದರೆ ಹಿಂದಿನ ಆಕ್ಸಲ್ ಮಿತಿ ದಾಟುವುದು ಇಲ್ಲೇ. ಅದೇ ಸ್ಟೆಪ್ನಿಯನ್ನು ಎರಡು ಆಕ್ಸಲ್‌ಗಳ ಮಧ್ಯೆ, ಚಾಸಿ ಕೆಳಗೆ ಹಾಕಿದರೆ ಭಾರ ಎರಡಕ್ಕೂ ಹಂಚಿಹೋಗುತ್ತದೆ. ಜಾಗ ಸಿಕ್ಕರೆ ಅದೇ ಒಳ್ಳೆಯದು.

ಹಾಗಾಗಿ ಏನನ್ನೂ ಖರೀದಿಸುವ ಮೊದಲು ನೀರು, ಡೀಸೆಲ್, ಗ್ಯಾಸ್, ಸಾಮಾನು, ಜನ, ಎಲ್ಲಾ ತುಂಬಿಸಿಕೊಂಡು ಗಾಡಿ ತೂಗುವ ವೇಬ್ರಿಡ್ಜ್‌ಗೆ ಹೋಗಿ. ಒಟ್ಟು ತೂಕ ಒಂದೇ ಸಾಲದು. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಸಲ, ಹಿಂದಿನದು ಮಾತ್ರ ಹತ್ತಿಸಿ ಇನ್ನೊಂದು ಸಲ ತೂಗಿಸಿ. ಸ್ಟೆಪ್ನಿಯ ತೂಕ ಸೇರಿಸಿದರೆ ಮಿತಿ ದಾಟುತ್ತದೆ ಅನಿಸಿದರೆ ಬೇರೆ ಏನನ್ನು ಇಳಿಸಬಹುದು ನೋಡಿ. ಹೊರಡುವಾಗ ನೀರಿನ ಟ್ಯಾಂಕ್ ಅರ್ಧ ಮಾತ್ರ ತುಂಬಿಸಿದರೆ, 100 ಲೀಟರ್ ಟ್ಯಾಂಕ್ ಆದರೆ, 50 ಕೆಜಿ ಅಲ್ಲೇ ಉಳಿಯಿತು. ಸ್ಟೆಪ್ನಿಯ ತೂಕ ಬಂದುಬಿಟ್ಟಿತಲ್ಲ!

ಚಾಸಿ ಕೆಳಗೆ ಹಾಕಿಸಿದರೆ ಒಂದು ಮಾತು ಗಮನದಲ್ಲಿರಲಿ. ಅಲ್ಲಿ ಸ್ಟೆಪ್ನಿಯನ್ನು ಒಂದು ಕೇಬಲ್ ಮತ್ತು ಚಿಕ್ಕ ವಿಂಚ್ (ಕೇಬಲ್ ಸುತ್ತಿ ಮೇಲೆತ್ತುವ ರಾಟೆ) ಹಿಡಿದಿರುತ್ತದೆ. ಮಳೆ, ಕೆಸರು, ಉಪ್ಪು ನೀರು ಎಲ್ಲಾ ಅದಕ್ಕೇ ಎರಚುತ್ತದೆ. ವರ್ಷಗಟ್ಟಲೆ ಮುಟ್ಟದೇ ಬಿಟ್ಟರೆ ವಿಂಚ್ ತುಕ್ಕು ಹಿಡಿದು ತಿರುಗುವುದೇ ಇಲ್ಲ, ಇಲ್ಲವೇ ಕೇಬಲ್‌ನ ಎಳೆಗಳು ಒಂದೊಂದಾಗಿ ತುಂಡಾಗುತ್ತಾ ಬರುತ್ತವೆ. ವರ್ಷಕ್ಕೆ ಎರಡು ಸಲ ಸ್ಟೆಪ್ನಿಯನ್ನು ಪೂರ್ತಿ ನೆಲಕ್ಕೆ ಇಳಿಸಿ, ಕೇಬಲ್ ಬಟ್ಟೆಯಲ್ಲಿ ಒರೆಸಿ ನೋಡಿ, ಗ್ರೀಸ್ ಹಚ್ಚಿ, ಗಾಳಿ ತುಂಬಿ, ಮೇಲೆ ಏರಿಸಿ. ಸೈಲೆನ್ಸರ್ ಪಕ್ಕದಲ್ಲೇ ಹಾಕಿಸಬೇಡಿ, ಬಿಸಿಗೆ ರಬ್ಬರ್ ಹಾಳಾಗುತ್ತದೆ. ಇನ್ನೊಂದು, ಹಿಂದಿನ ಟೈರ್ ಪಂಕ್ಚರ್ ಆಗಿ ಗಾಡಿ ಒಂದು ಕಡೆ ಕುಸಿದಾಗ ಕೆಳಗಿನ ಸ್ಟೆಪ್ನಿ ಹೊರಗೆ ಬರುತ್ತದಾ ಅಂತ ಅಂದಾಜು ಮಾಡಿಕೊಳ್ಳಿ. ಜಾಗ ತೀರಾ ಬಿಗಿಯಾಗಿದ್ದರೆ ಮೊದಲು ಗಾಡಿ ಎತ್ತಿ ಆಮೇಲೆ ಸ್ಟೆಪ್ನಿ ತೆಗೆಯಬೇಕಾಗುತ್ತದೆ.

ನಿಮ್ಮ ಹಿಂದಿನ ಜೋಡಿ ಟೈರ್ ಬಗ್ಗೆ ಪ್ರತ್ಯೇಕ ಹೇಳಬೇಕು. "ಒಂದು ಹೋದರೆ ಇನ್ನೊಂದು ಇದೆಯಲ್ಲ, ನಿಧಾನಕ್ಕೆ ಹೋಗಬಹುದು" ಅನ್ನುವ ಮಾತು ಪದೇ ಪದೇ ಕೇಳಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಟೈರ್ ಹೊರುತ್ತಿದ್ದ ಭಾರ ಒಂದರ ಮೇಲೇ ಬೀಳುತ್ತದೆ, ಅದು ಬಿಸಿಯಾಗಿ ಅದೂ ಹೋಗುತ್ತದೆ. ಗಾಳಿ ಹೋದ ಟೈರ್ ಒಳಗೆ ಮಡಚಿ ಉಜ್ಜಿ ಬೆಂಕಿ ಹತ್ತುವ ಅಪಾಯವೂ ಇದೆ. ರಸ್ತೆಯಿಂದ ಪಕ್ಕಕ್ಕೆ, ಸುರಕ್ಷಿತ ಜಾಗಕ್ಕೆ ಸರಿಸುವಷ್ಟು ಮಾತ್ರ ಓಡಿಸಿ, ಅಷ್ಟೇ. ಒಳಗಿನ ಟೈರಿನ ಗಾಳಿ ಕಣ್ಣಿಗೆ ಕಾಣಲ್ಲ, ಕಾಲಿನಿಂದ ಒದ್ದು ನೋಡಿದರೂ ಗೊತ್ತಾಗಲ್ಲ, ಗೇಜ್ ಹಾಕಲೇಬೇಕು. ಸ್ಟೀಲ್ ರಿಮ್ ಆದರೆ ಒಂದು ಅನುಕೂಲ ಇದೆ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಆರೂ ಜಾಗಕ್ಕೆ ಒಂದೇ ರಿಮ್ ತಿರುಗಿಸಿ ಹಾಕುತ್ತಾರೆ, ಒಂದೇ ಸ್ಟೆಪ್ನಿ ಎಲ್ಲಿಗೆ ಬೇಕಾದರೂ ಆಗುತ್ತದೆ. ಆದರೆ ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಇದ್ದರೆ ದೊಡ್ಡದೇ ಜಾಸ್ತಿ ಭಾರ ಹೊರುತ್ತದೆ. ಎರಡರ ವ್ಯಾಸದಲ್ಲಿ 6 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬೇಡ. ತುಂಬಾ ವ್ಯತ್ಯಾಸ ಇದ್ದರೆ ಸ್ಟೆಪ್ನಿಯನ್ನು ಮುಂದೆ ಹಾಕಿ, ಮುಂದಿನದನ್ನು ಹಿಂದಕ್ಕೆ ತರುವುದು ಒಳ್ಳೆಯದು. ಕೆಲಸ ಎರಡರಷ್ಟು, ನಿಜ, ಆದರೆ ಊರು ಸೇರಿದ ಮೇಲೆ ಮಾಡಿಸಬಹುದು.

ಗಾಡಿಗೆ ಅಲಾಯ್ ಚಕ್ರ ಇದ್ದು ಸ್ಟೆಪ್ನಿಗೆ ಸ್ಟೀಲ್ ರಿಮ್ ತಂದರೆ ನಟ್, ಬೋಲ್ಟ್ ಪರೀಕ್ಷಿಸಿ. ಅಲಾಯ್ ದಪ್ಪ ಇರುತ್ತದೆ, ಅದರ ಬೋಲ್ಟ್ ಉದ್ದ ಇರಬಹುದು, ಕೂರುವ ಆಕಾರವೂ ಬೇರೆ ಇರಬಹುದು. ಅದನ್ನೇ ತೆಳು ಸ್ಟೀಲ್ ರಿಮ್‌ಗೆ ಹಾಕಿದರೆ ಒಳಗೆ ಜಾಸ್ತಿ ಹೋಗಿ ಬ್ರೇಕ್ ಭಾಗಕ್ಕೆ ತಗಲಬಹುದು, ಇಲ್ಲವೇ ಬಿಗಿಯಾದ ಹಾಗೆ ಅನಿಸಿ ರಿಮ್ ಸಡಿಲ ಉಳಿಯಬಹುದು. ಸ್ಟೀಲ್ ರಿಮ್‌ಗೆ ಬೇಕಾದ ಒಂದು ಸೆಟ್ ಚಿಕ್ಕ ಚೀಲದಲ್ಲಿ ಹಾಕಿ, ಸ್ಟೆಪ್ನಿಗೇ ಕಟ್ಟಿಡಿ.

ದೊಡ್ಡ ಬಸ್ಸಿನಂಥ ಗಾಡಿ ಇರುವವರೂ ಇಲ್ಲಿ ಇದ್ದಾರೆ, ಅವರಿಗೆ ನನ್ನ ಉತ್ತರ ಬೇರೆ. 22.5 ಇಂಚಿನ ಚಕ್ರ ರಿಮ್ ಸಮೇತ 70-80 ಕೆಜಿ, ದೊಡ್ಡ ಅಳತೆಯದ್ದು ಇನ್ನೂ ಜಾಸ್ತಿ. ನಟ್ ಬಿಗಿತ 600 ನ್ಯೂಟನ್ ಮೀಟರ್ ಮೇಲೆ. ಅಂದರೆ ಒಂದು ಮೀಟರ್ ಉದ್ದದ ಪೈಪಿನ ತುದಿಯಲ್ಲಿ 60 ಕೆಜಿ ಮೇಲಿನ ಮನುಷ್ಯ ಪೂರ್ತಿ ಭಾರ ಬಿಟ್ಟು ನಿಂತರೆ ಅಷ್ಟು. ಇದನ್ನು ರಸ್ತೆ ಬದಿಯಲ್ಲಿ ಮಾಡಲು ಹೋಗಬೇಡಿ. ಆದರೆ ಲಾರಿ, ಬಸ್ಸಿಗೂ ಇದೇ ಅಳತೆಯ ಚಕ್ರ ಇರುವುದರಿಂದ ಟೈರ್ ಹಾಕುವ ಸರ್ವಿಸ್ ಗಾಡಿಗಳು ಹೆದ್ದಾರಿಗಳಲ್ಲಿ ಓಡಾಡುತ್ತಿರುತ್ತವೆ. ಹೆದ್ದಾರಿ ಬಿಟ್ಟು ದೂರ ಹೋಗದವರು ಸ್ಟೆಪ್ನಿ ಇಲ್ಲದೆಯೂ ಇರಬಹುದು. ದೂರದ, ಜನ ಕಡಿಮೆ ಇರುವ ದಾರಿಗಳಿಗೆ ಹೋಗುವವರು ರಿಮ್ ಇಲ್ಲದ ಬರೀ ಟೈರ್ ಇಟ್ಟುಕೊಳ್ಳಿ, ಅದರಲ್ಲೂ ಸುಲಭಕ್ಕೆ ಸಿಗದ ಅಳತೆ ಆದರೆ. ಬಂದ ಸರ್ವಿಸ್‌ನವರು ನಿಮ್ಮ ರಿಮ್‌ಗೇ ಅದನ್ನು ಹಾಕಿಕೊಡುತ್ತಾರೆ.

ನಿಮ್ಮ 16 ಇಂಚಿನದ್ದಕ್ಕೆ ಬಿಗಿತ ಸುಮಾರು 180-190 ನ್ಯೂಟನ್ ಮೀಟರ್ ಇರುತ್ತದೆ. ಗಾಡಿಯ ಪುಸ್ತಕದಲ್ಲಿ ಇರುವ ಅಂಕಿಯನ್ನೇ ಹಿಡಿಯಿರಿ. ಉದ್ದ ಹಿಡಿಯ ಸ್ಪ್ಯಾನರ್ ಇದ್ದರೆ ಒಬ್ಬರೇ ಬಿಚ್ಚಬಹುದು. ಹೊರಡುವ ಮೊದಲು ಮನೆ ಮುಂದೆ ಸಮ ನೆಲದಲ್ಲಿ ಒಂದು ಚಕ್ರ ಪೂರ್ತಿ ಬಿಚ್ಚಿ, ಸ್ಟೆಪ್ನಿ ಹಾಕಿ, ವಾಪಸ್ ಹಾಕಿ ನೋಡಿ. ಜಾಕ್ ಎಷ್ಟು ಟನ್ನಿನದ್ದು, ಗಾಳಿ ಹೋದಾಗ ಕೆಳಗೆ ನುಗ್ಗುತ್ತದಾ, ಚಕ್ರದ ಮೇಲಿನ ಸ್ಟೀಲ್ ಕವರ್ ತೆಗೆಯಲು ಬೇರೆ ಸ್ಪ್ಯಾನರ್ ಬೇಕಾ, ಎಲ್ಲಾ ಅಲ್ಲೇ ತಿಳಿಯುತ್ತದೆ. ಜಾಕ್ ಕೆಳಗೆ ಇಡಲು ದಪ್ಪ ಹಲಗೆ ಒಂದು ಬೇಕು. ಗಾಡಿ ಸಮ ಮಾಡುವ ಲೆವೆಲಿಂಗ್ ಜಾಕ್‌ಗಳಿಂದ ಎತ್ತಿ ಟೈರ್ ಬದಲಾಯಿಸಬೇಡಿ, ಅವು ಅದಕ್ಕೆ ಮಾಡಿದ್ದಲ್ಲ. ಬದಲಾಯಿಸಿದ ಮೇಲೆ 80 ರಿಂದ 100 ಕಿಲೋಮೀಟರ್ ಓಡಿದಾಗ ನಟ್ ಮತ್ತೆ ಬಿಗಿ ಮಾಡಿ. ವಾಹನ ಜೋರಾಗಿ ಓಡುವ ಹೆದ್ದಾರಿ ಅಂಚಿನಲ್ಲಿ, ಅದೂ ಟ್ರಾಫಿಕ್ ಕಡೆಯ ಚಕ್ರ ಆದರೆ, ಮುಟ್ಟಲೇಬೇಡಿ. ಎಲ್ಲರೂ ಇಳಿದು ದೂರ ನಿಂತು ಫೋನ್ ಮಾಡಿ.

ಇನ್ನು ಸ್ಟೆಪ್ನಿ ತೆಗೆದುಕೊಳ್ಳುವಷ್ಟೇ ಗಮನ ಈಗಿರುವ ಟೈರ್‌ಗಳ ಮೇಲೂ ಇಡಿ. ಮೋಟರ್‌ಹೋಮ್ ವರ್ಷದಲ್ಲಿ ಬಹಳ ದಿನ ನಿಂತೇ ಇರುತ್ತದೆ. ನೆಲಕ್ಕೆ ತಾಗುವ ಭಾಗದ ಗೀರು (ಟೈರಿನ ಅಚ್ಚು) ಸವೆಯದೆ ಹೊಸದರ ಹಾಗೇ ಇರುತ್ತದೆ, ರಬ್ಬರ್ ಒಳಗೇ ಹಳತಾಗುತ್ತದೆ. ಪಕ್ಕದ ಗೋಡೆಯಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಒಂದು ಕಡೆ ಕಾಣದಿದ್ದರೆ ಇನ್ನೊಂದು ಪಕ್ಕದಲ್ಲಿ ಇರುತ್ತದೆ, ಟಾರ್ಚ್ ಹಿಡಿದು ಕೆಳಗೆ ಬಗ್ಗಬೇಕಾಗುತ್ತದೆ. ಐದು ವರ್ಷ ದಾಟಿದ್ದರೆ ಪ್ರತಿ ವರ್ಷ ತಿಳಿದವರಿಗೆ ತೋರಿಸಿ. ಏಳರ ಹತ್ತಿರ ಬಂದರೆ ನಾನು ಬದಲಾಯಿಸಿಬಿಡುತ್ತೇನೆ, ಗೀರು ಎಷ್ಟೇ ಇರಲಿ. ಸ್ಟೆಪ್ನಿಗೂ ಇದೇ ಲೆಕ್ಕ, ಓಡದೇ ಇದ್ದರೂ ಅದಕ್ಕೂ ವಯಸ್ಸಾಗುತ್ತದೆ.

ಗಾಳಿ ಬೆಳಿಗ್ಗೆ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಿ. ಬಿಸಿಯಾದಾಗ ಏರಿದ ಗಾಳಿಯನ್ನು ಬಿಡಬೇಡಿ. ಇರಬೇಕಾದ್ದಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆಯಲ್ಲಿ ಓಡಿದ ಟೈರನ್ನು ಬಿಚ್ಚಿಸಿ ಒಳಗೆ ನೋಡಿಸದೆ ನಂಬಬೇಡಿ. 80 ಪಿಎಸ್‌ಐ ಟೈರ್ 64ಕ್ಕೆ ಇಳಿದಿದ್ದರೆ ಮೇಲೆ ನೋಡಲು ಚೆನ್ನಾಗಿಯೇ ಕಾಣುತ್ತದೆ, ಒಳಗಿನ ತಂತಿ ಬಳಲಿರುತ್ತದೆ. ವಾಲ್ವ್ ಕೂಡ ನೋಡಿ. ಕಾರಿಗೆ ಹಾಕುವ ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐಗೆ ಮಾಡಿದ್ದು, 80 ತುಂಬುವ ಟೈರಿಗೆ ಲೋಹದ ವಾಲ್ವ್ ಹಾಕಿಸಿ. ಗಾಳಿ ತೋರಿಸುವ ಸೆನ್ಸರ್ ಆರೂ ಟೈರಿಗೆ ಹಾಕಿಸಿದರೆ ನಿಧಾನವಾಗಿ ಗಾಳಿ ಇಳಿಯುವುದು ಓಡಿಸುವಾಗಲೇ ತಿಳಿಯುತ್ತದೆ. ಒಡೆಯುವ ಮೊದಲು ನಿಲ್ಲಿಸಲು ಸಮಯ ಸಿಗುತ್ತದೆ, ಇದಕ್ಕೆ ಹಾಕಿದ ಹಣ ವ್ಯರ್ಥ ಅಲ್ಲ. ಅಕಸ್ಮಾತ್ ಮುಂದಿನ ಟೈರ್ ಒಡೆದೇಬಿಟ್ಟರೆ ಬ್ರೇಕ್ ಮೇಲೆ ಕಾಲು ಇಡಬೇಡಿ, ಸ್ಟೇರಿಂಗ್ ಗಟ್ಟಿ ಹಿಡಿದು ಗಾಡಿಯನ್ನು ನೇರ ಇಟ್ಟುಕೊಂಡು, ವೇಗ ತಾನಾಗೇ ಇಳಿಯಲು ಬಿಡಿ.

ವೇಬ್ರಿಡ್ಜ್ ಚೀಟಿ ಸಿಕ್ಕ ಮೇಲೆ ಎರಡೂ ಆಕ್ಸಲ್‌ಗಳ ತೂಕ, ಅವುಗಳ ಮಿತಿ, ಆಕ್ಸಲ್ ನಡುವಿನ ದೂರ ಇಲ್ಲಿ ಹಾಕಿ. ಸ್ಟೆಪ್ನಿ ಕೆಳಗೆ ಕೂರಿಸಬೇಕಾ, ಹಿಂದೆ ಹಾಕಬಹುದಾ ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಚಾಸಿ ಕೆಳಗಿನ ಎರಡು ಮೂರು ಫೋಟೋ ಇದ್ದರೆ ಅವನ್ನೂ ಹಾಕಿ.