ಹಳೆಯ ಕಾಗದಗಳ ಗುಟ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾಗದಗಳ ಒಂದು ಕಟ್ಟು ಕೊಂಡಿದ್ದೇನೆ. ಒಂದರಲ್ಲಿ ‘ಎಸ್. ಆಕ್ಸನ್’ ಎಂಬ ಸಹಿ, ಇನ್ನೊಂದರಲ್ಲಿ ‘ಸಿ. ವಿಂಟನ್’. ಯಾವ ಚರಿತ್ರಕೋಶ ತಿರುವಿದರೂ ಈ ಹೆಸರುಗಳಿಲ್ಲ. ಯಾರಿವರು?

ಉತ್ತರ: ಅವು ಮನೆತನದ ಹೆಸರುಗಳಲ್ಲ, ಊರುಗಳು. ಇಂಗ್ಲೆಂಡಿನ ಬಿಷಪ್‌ಗಳು ತಮ್ಮ ಹೆಸರಿನ ಮೊದಲಕ್ಷರ ಹಾಕಿ, ಅದರ ಮುಂದೆ ತಮ್ಮ ಪೀಠದ ಲ್ಯಾಟಿನ್ ಹೆಸರನ್ನು ಮೊಟಕು ಮಾಡಿ ಬರೆಯುತ್ತಿದ್ದರು. ಆಕ್ಸನ್ ಅಂದರೆ ಆಕ್ಸ್‌ಫರ್ಡ್, ವಿಂಟನ್ ಅಂದರೆ ವಿಂಚೆಸ್ಟರ್. ಕ್ಯಾಂಟುವಾರ್ ಕ್ಯಾಂಟರ್ಬರಿ, ಎಬೊರ್ ಯಾರ್ಕ್, ಡುನೆಲ್ಮ್ ಡರಂ, ಸಾರಮ್ ಸಾಲ್ಸ್‌ಬರಿ. ಹಾಗಾಗಿ ಯಾವ ಪೀಠದಲ್ಲಿ ಯಾವ ವರ್ಷ ಯಾರಿದ್ದರು ಎಂಬ ಪಟ್ಟಿ ಕೈಗೆಟಕುವಂತಿರಬೇಕು.

ನಿಮ್ಮ ‘ಎಸ್. ಆಕ್ಸನ್’ ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸ್. 1860ರಲ್ಲಿ ಡಾರ್ವಿನ್ ವಾದದ ವಿಚಾರವಾಗಿ ಜೀವವಿಜ್ಞಾನಿ ಹಕ್ಸ್‌ಲಿಯೊಡನೆ ಜಟಾಪಟಿಗಿಳಿದವರು. 1845ರಿಂದ 1869ರವರೆಗೆ ಅವರು ಆಕ್ಸ್‌ಫರ್ಡಿನಲ್ಲಿದ್ದರು. ಆಮೇಲೆ ವಿಂಚೆಸ್ಟರಿಗೆ ಹೋದದ್ದರಿಂದ ಅದೇ ಕೈ ‘ಎಸ್. ವಿಂಟನ್’ ಎಂದು ಬರೆಯತೊಡಗಿತು. ‘ಸಿ. ವಿಂಟನ್’ ಅವರಿಗಿಂತ ಮೊದಲು ಅಲ್ಲಿದ್ದ ಚಾರ್ಲ್ಸ್ ಸಮ್ನರ್ (1827–1869). ಒಂದು ಅಕ್ಷರ ತಪ್ಪಿ ಓದಿದರೆ ಆಸಾಮಿಯೇ ಬೇರೆ.

ರಾಜಕಾರಣಿಗಳದು ಇನ್ನೊಂದು ಬಗೆಯ ಗೋಜಲು. ಲಾರ್ಡ್ ಆದವರು ಮೊದಲಕ್ಷರವನ್ನೇ ಹಾಕದೆ ಬಿರುದನ್ನು ಮಾತ್ರ ಬರೆಯುತ್ತಾರೆ. ‘ಸಾಲ್ಸ್‌ಬರಿ’ ಎಂದಷ್ಟೇ ಇದ್ದರೆ ಅದು ಬಿಷಪ್ ಅಲ್ಲ, ಮಾರ್ಕ್ವಿಸ್ ಎಂಬ ಪದವಿಯ ಲಾರ್ಡ್. ಮುಂದೆ ಪ್ರಧಾನಿಯಾದ ಆತ 1865ರವರೆಗೆ ರಾಬರ್ಟ್ ಸೆಸಿಲ್, ನಂತರ ಕ್ರ್ಯಾನ್‌ಬೋರ್ನ್, 1868ರಿಂದ ಸಾಲ್ಸ್‌ಬರಿ. ‘ಡರ್ಬಿ’ ಎಂದಿದ್ದರೆ 1869ರ ಅಕ್ಟೋಬರ್‌ವರೆಗೆ ಡರ್ಬಿ ಬಿರುದಿನ ತಂದೆ, ಅಲ್ಲಿಂದ ಮುಂದೆ ಅದೇ ಬಿರುದು ಪಡೆದ ಮಗ. ಸಾಮಾನ್ಯ ಪಾದ್ರಿಗಳನ್ನು ಹುಡುಕಲು 1858ರಲ್ಲಿ ಶುರುವಾದ ಕ್ರಾಕ್‌ಫರ್ಡ್ ಪಾದ್ರಿಪಟ್ಟಿಯೇ ಸಾಕು.

ಪ್ರಶ್ನೆ: ಬರೀ ವಿಳಾಸವಿರುವ ತುಂಡೊಂದು ಸಿಕ್ಕಿದೆ. ಎಡಗಡೆ ಕೆಳಮೂಲೆಯಲ್ಲಿ ಸಂಸತ್ ಸದಸ್ಯರ ಸಹಿ, ಮೇಲೆ 1838ರ ತಾರೀಖು. ಅರ್ಧ ಕಾಗದಕ್ಕೆ ದುಡ್ಡು ಕೊಟ್ಟು ಮೋಸ ಹೋದೆನೇ?

ಉತ್ತರ: ಇಲ್ಲ. ಸದಸ್ಯರಿಗೆ ಆಗ ಅಂಚೆ ಬಿಟ್ಟಿ, ದಿನಕ್ಕೆ ಹತ್ತು ಕಾಗದದವರೆಗೆ. ಷರತ್ತು ಏನೆಂದರೆ ಊರು, ತಾರೀಖು, ಇಡೀ ವಿಳಾಸ ಎಲ್ಲವೂ ಅವರದೇ ಕೈಬರಹದಲ್ಲಿರಬೇಕು. 1840ರ ಜನವರಿ 10ರಂದು ಒಂದು ಪೆನ್ನಿಯ ಅಂಚೆ ಬಂತು, ಈ ಸವಲತ್ತು ಹೋಯಿತು. ಆ ಕಾಲದ ಸಂಗ್ರಾಹಕರೇ ವಿಳಾಸದ ಭಾಗವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಆದರೆ ಒಳಗಿನ ಕಾಗದವನ್ನು ಬರೆದವರೂ ಅದೇ ಸದಸ್ಯರು ಎಂದು ನಂಬಬೇಡಿ. ಸ್ನೇಹಿತರು, ನೆಂಟರು ಈ ಬಿಟ್ಟಿ ಸಹಿಗೆ ದುಂಬಾಲು ಬೀಳುತ್ತಿದ್ದರು.

ಪ್ರಶ್ನೆ: ಬ್ರಿಟಿಷ್ ಪ್ರಧಾನಿಯಾಗಿದ್ದ ಡಿಸ್ರೇಲಿ ಸಹಿಯ ಕಾಗದದಲ್ಲಿ ‘ಮಂಗಳವಾರ, ಫೆಬ್ರವರಿ 4’ ಎಂದಿದೆ, ಇಸವಿ ಇಲ್ಲ. ಹಾಳೆಯ ಸುತ್ತ ಕಪ್ಪು ಅಂಚಿದೆ.

ಉತ್ತರ: ವಾರ, ತಾರೀಖು ಎರಡೂ ಇರುವುದು ಅದೃಷ್ಟ. 1860–1880ರ ನಡುವೆ ಫೆಬ್ರವರಿ 4 ಮಂಗಳವಾರ ಬಂದದ್ದು 1862, 1868, 1873, 1879ರಲ್ಲಿ ಮಾತ್ರ. 1876ರ ಆಗಸ್ಟಿನಲ್ಲಿ ಆತ ಅರ್ಲ್ ಎಂಬ ಪದವಿ ಪಡೆದು ಸಹಿಯನ್ನು ‘ಬೀಕನ್ಸ್‌ಫೀಲ್ಡ್’ ಎಂದು ಬದಲಿಸಿದ್ದರಿಂದ 1879 ಪಟ್ಟಿಯಿಂದ ಬಿಟ್ಟುಹೋಯಿತು. ಹೆಂಡತಿ ಮೇರಿ ಆ್ಯನ್ 1872ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಆತ ಕಪ್ಪಂಚಿನ ಹಾಳೆಯನ್ನೇ ಬಳಸಿದ. ಹಾಗೆಂದು ಕೂಡಲೇ 1873 ಎಂದು ಬರೆದುಕೊಳ್ಳಬೇಡಿ. 1861ರ ಡಿಸೆಂಬರ್ 14ರಂದು ರಾಣಿಯ ಗಂಡ ಆಲ್ಬರ್ಟ್ ತೀರಿಕೊಂಡಿದ್ದರಿಂದ 1862ರ ಫೆಬ್ರವರಿಯಲ್ಲೂ ಸೂತಕದ ಹಾಳೆ ಸಹಜ. ಈಗ ಮೇಲಿನ ವಿಳಾಸ ನೋಡಿ. ಗ್ರೋವ್ನರ್ ಗೇಟ್ ಎಂದಿದ್ದರೆ 1862ರ ಕಡೆ ವಾಲಬಹುದು, ಏಕೆಂದರೆ ಹೆಂಡತಿ ಹೋದ ಮೇಲೆ ಆ ಮನೆ ಆತನ ಕೈಬಿಟ್ಟಿತು. ಹಾಳೆಯನ್ನು ಬೆಳಕಿಗೆ ಹಿಡಿಯುವುದನ್ನೂ ಮರೆಯಬೇಡಿ. ವಾಟರ್‌ಮಾರ್ಕ್‌ನಲ್ಲಿ ಇಸವಿ ಇದ್ದರೆ ಕಾಗದ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ಪಾದ್ರಿಗಳು ತಾರೀಖಿನ ಬದಲು ಹಬ್ಬ ಬರೆಯುವುದೂ ಉಂಟು. ಸಂತ ಮಾರ್ಕನ ದಿನವೆಂದರೆ ಏಪ್ರಿಲ್ 25. ಈಸ್ಟರ್ ಮಾತ್ರ ವರ್ಷವರ್ಷ ಸರಿಯುವುದರಿಂದ ಅದಕ್ಕೆ ಬೇರೆ ಕೋಷ್ಟಕ ಬೇಕು.

ಪ್ರಶ್ನೆ: ಆಲ್ಬಮ್ಮಿಗೆ ಅಂಟಿಸಿದ ಕಾಗದವನ್ನು ನೀರಿನಲ್ಲಿ ನೆನೆಸಿ ಬಿಡಿಸಬಹುದೇ?

ಉತ್ತರ: ಖಂಡಿತ ಬೇಡ. ಆ ಕಾಲದ ಕಾಗದಗಳಲ್ಲಿರುವುದು ಹೆಚ್ಚಾಗಿ ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಮಾಡಿದ ಶಾಯಿ. ನೀರು ತಾಗಿದರೆ ಅದರ ಕಬ್ಬಿಣ ಅಕ್ಷರದಿಂದ ಆಚೆ ಹರಿದು ಸುತ್ತ ಕಂದು ಕಲೆ ಮಾಡುತ್ತದೆ, ಆ ಜಾಗ ಮುಂದೆ ಪುಡಿಯಾಗುತ್ತದೆ. ಮೊದಲು ಫೋಟೊ ತೆಗೆದುಕೊಳ್ಳಿ. ಆಲ್ಬಮ್ ಪುಟದ ಹಿಂಬದಿಯಲ್ಲಿ ಏನೂ ಇಲ್ಲದಿದ್ದರೆ ಕಾಗದದ ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಪುಟವನ್ನೇ ಕತ್ತರಿಸಿ. ಬರಹದ ಮುಖ ಕೆಳಗಾಗಿ ಒಣ ಬ್ಲಾಟಿಂಗ್ ಹಾಳೆಯ ಮೇಲಿಟ್ಟು, ಆಲ್ಬಮ್ಮಿನ ದಪ್ಪ ಹಾಳೆಯನ್ನು ಹಿಂದಿನಿಂದ ಪದರಪದರವಾಗಿ ಸುಲಿಯಿರಿ. ಸುಲಿಯಬೇಕಾದ್ದು ಆಲ್ಬಮ್ಮನ್ನು, ಕಾಗದವನ್ನಲ್ಲ. ಕೊನೆಯ ಪದರ ಬಿಡದಿದ್ದರೆ ಹಾಗೇ ಇರಲಿ. ಅಂಟಿದ ಬದಿಯಲ್ಲೂ ಬರಹವಿದ್ದರೆ ಕೈ ಹಾಕದೆ ನುರಿತ ಸಂರಕ್ಷಕರಿಗೆ ಕೊಡಿ. ಬಿಡಿಸಿದ್ದನ್ನು ಪಾಲಿಯೆಸ್ಟರ್ ಲಕೋಟೆಯಲ್ಲಿ, ಕತ್ತಲಲ್ಲಿ, 40–50 ಶೇಕಡ ತೇವಾಂಶದಲ್ಲಿ ಇಡಿ. ಲ್ಯಾಮಿನೇಶನ್, ಸೆಲೋಟೇಪ್ ಎರಡೂ ನಿಷಿದ್ಧ.

ಪ್ರಶ್ನೆ: ನನ್ನಲ್ಲಿರುವ ಕಾಗದಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಬಹುದೇ?

ಉತ್ತರ: ಹಾಳೆ ನಿಮ್ಮದು, ಮಾತು ನಿಮ್ಮದಲ್ಲ. ಬ್ರಿಟನ್ನಿನ ಕಾನೂನಿನಂತೆ, 1969ಕ್ಕೆ ಮೊದಲು ತೀರಿಕೊಂಡವರ ಅಪ್ರಕಟಿತ ಬರಹದ ಹಕ್ಕು ಸಾಮಾನ್ಯವಾಗಿ 2039ರ ಕೊನೆಯವರೆಗೆ ವಾರಸುದಾರರದು. ಅಲ್ಲಿ ಪ್ರಕಟಿಸುವುದಾದರೆ ಅವರ ಒಪ್ಪಿಗೆ ಬೇಕು.